ಜಾವಾಕ್ಕೆ ಒಪ್ಪುವ ಒಡವೆ

ಮೈಸೂರು ದಸರೆಯ ಪಂಜಿನ ಕವಾಯತಿನ ದಿನ ಬನ್ನಿಮಂಟಪ ಮೈದಾನದಲ್ಲಿ ಮೋಟಾರ್‌ಸೈಕಲ್ ಸಾಹಸಕ್ಕೆ ಚಪ್ಪಾಳೆ ಬೀಳುತ್ತದೆ. ಅಲ್ಲಿಗೆ ಹತ್ತಿರದ ಯಾದವಗಿರಿಯಲ್ಲೇ 1960ರ ದಶಕದ ಆರಂಭದಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ಕಟ್ಟುತ್ತಿತ್ತು. ಆ ಹಳೆಯ ಜಾವಾದ ಅಂದವೆಲ್ಲ ಕೆಲಸದಿಂದಲೇ ಹುಟ್ಟಿದ್ದು. ಟ್ಯಾಂಕಿನ ಪಕ್ಕದ ರಬ್ಬರ್ ಪಟ್ಟಿ ಮೊಣಕಾಲಿಗೆ ಹಿಡಿತ; ಕಿಕ್ಕರನ್ನು ಮುಂದಕ್ಕೆ ಮಡಚಿದರೆ ಅದೇ ಗೇರ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದು ಠೀವಿಗೂ ಹೌದೆನ್ನಿ, ಆದರೆ ಟೂ-ಸ್ಟ್ರೋಕ್ ಎಂಜಿನ್ನಿನ ಎಳೆತ ಹೊಗೆಕೊಳವೆಯ ಆಕಾರವನ್ನೇ ನೆಚ್ಚಿಕೊಂಡಿದೆ. ಒಳಗಿನ ಜಾಲರಿ ಕಿತ್ತು ಅಬ್ಬರದ ಸೈಲೆನ್ಸರ್ ಹಾಕಿದರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ.

ಗಾಡಿ ಅದರ ಒಡೆಯರದು, ರುಚಿಯೂ ಅವರದು ಎನ್ನಬಹುದು. ನಿಜ. ಆದರೆ ತಲೆಬುರುಡೆಯ ಸ್ಟಿಕ್ಕರು, ಸಿನಿಮಾ ವೀರನ ಲಾಂಛನ, ಬಣ್ಣದ ಎಲ್‌ಇಡಿ ಪಟ್ಟಿ ಯಾವ ಗಾಡಿಗೂ ಅಂಟುತ್ತವೆ. ಹಾಗಾಗಿಯೇ ಯಾವ ಗಾಡಿಯ ಗುರುತನ್ನೂ ಹೇಳುವುದಿಲ್ಲ. ಕಾರ್ಖಾನೆಯೇ ಮುಚ್ಚಿರುವಾಗ ಅಸಲಿ ಬಿಡಿಭಾಗ ಎಲ್ಲಿಂದ ತರುವುದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಅದಕ್ಕೆ ಮೊಹರು ನೋಡಬೇಕಿಲ್ಲ, ಅಳತೆ ನೋಡಬೇಕು: ಹಳೆಯ ನಮೂನೆ ಹಿಡಿದು ಲೇತಿನಲ್ಲಿ ಕಡೆದ ಬುಷ್ ನನ್ನ ಲೆಕ್ಕದಲ್ಲಿ ಅಸಲಿಯೇ. ಆರು ವೋಲ್ಟಿನ ಮಂಕು ದೀಪವನ್ನು ಹನ್ನೆರಡಕ್ಕೆ ಏರಿಸುವುದೂ ದ್ರೋಹವಲ್ಲ. ರಾತ್ರಿ ರಸ್ತೆ ಕಾಣಬೇಕಲ್ಲ. ಹ್ಯಾಂಡಲಿನೊಳಗೆ ಬೆಸೆದಂತಿರುವ ಆ ದೀಪದ ಡೂಮನ್ನು ಮಾತ್ರ ಕಿತ್ತು, ಅಲ್ಲಿ ದುಂಡನೆಯ ಅಂಗಡಿ ದೀಪ ಕೂರಿಸಬಾರದು.