ನರಿಯ ಹೆಸರೆತ್ತಬೇಡಿ

ತಮಾಷೆಯ ಚಿತ್ರಪುಸ್ತಕವೊಂದನ್ನು ಓದಿ ಮುಗಿಸಿದ್ದೇ ತಡ, 'ಮಕ್ಕಳೇ, ಈ ಕಥೆಯ ನೀತಿ ಏನು?' ಎಂದು ಕೇಳುವ ಶಿಕ್ಷಕರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದುವರೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮಕ್ಕಳು ಥಟ್ಟನೆ ಕೈಕಟ್ಟಿ ಕೂತು, 'ಸುಳ್ಳು ಹೇಳಬಾರದು ಮಿಸ್' ಎನ್ನುತ್ತಾರೆ. ಕಥೆಯಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ಆದರೂ ಮಿಸ್‌ಗೆ ಸಮಾಧಾನ.

ಇನ್ನೊಂದು ಬಗೆಯವರಿದ್ದಾರೆ. ಕೋಳಿಗೊಂದು ದನಿ, ಕರಡಿಗೊಂದು ದನಿ, ನಡುನಡುವೆ ಕುಣಿತ. ತರಬೇತಿಗಳಲ್ಲಿ ಚಪ್ಪಾಳೆ ಗಿಟ್ಟಿಸುವವರು ಇವರೇ. ಮಕ್ಕಳು ನಗುತ್ತಾರೆ ನಿಜ, ಆದರೆ ಮೇಷ್ಟ್ರನ್ನು ನೋಡಿ. ಪುಸ್ತಕ ಮೇಜಿನ ಮೇಲೆ ಬೋರಲಾಗಿ ಬಿದ್ದಿರುತ್ತದೆ.

ಪುಸ್ತಕ ಹೇಗೆ ಹಿಡಿಯಬೇಕು, ಮುಖಪುಟ ಯಾವಾಗ ತೋರಿಸಬೇಕು ಎಂಬುದನ್ನೆಲ್ಲ ನಾನು ಹೇಳಹೋಗುವುದಿಲ್ಲ. ನಾನು ಹೇಳುವುದು ಒಂದೇ ಮಾತು: ಇಂಥ ಪುಸ್ತಕದಲ್ಲಿ ನಗೆ ಇರುವುದು ಬರಹ ಹೇಳದೆ ಬಿಟ್ಟ ಕಡೆ. ಅದನ್ನು ತುಂಬಲು ನೀವು ಹೋಗಬೇಡಿ.

ಇದು ನನ್ನ ತಲೆಗೆ ಹೊಕ್ಕದ್ದು ಒಂದು ಶಿಬಿರದಲ್ಲಿ. ಊಟವಾಗಿತ್ತು, ಅರ್ಧ ಜನ ತೂಕಡಿಸುತ್ತಿದ್ದರು. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಹೆಂಗಸು ಪೀಠಿಕೆಯನ್ನೂ ಹಾಕದೆ ಪುಸ್ತಕ ಬಿಡಿಸಿ, ಹಾಜರಿ ಕೂಗುವ ದನಿಯಲ್ಲಿ ಓದತೊಡಗಿದರು. ಪ್ಯಾಟ್ ಹಚಿನ್ಸ್ ಎಂಬ ಇಂಗ್ಲಿಷ್ ಚಿತ್ರಕಾರ್ತಿ 1968ರಲ್ಲಿ ಹೊರತಂದ 'ರೋಸೀಸ್ ವಾಕ್' ಅದು. ಸ್ವಲ್ಪ ಹೊತ್ತಿಗೆ ನಮ್ಮಲ್ಲಿ ಬಲು ಗಂಭೀರರಾದ ಹೆಡ್‌ಮಾಸ್ಟರೊಬ್ಬರು 'ಹಿಂದೆ ನೋಡೇ!' ಎಂದು ಕೋಳಿಗೆ ಕೂಗಿದರು. ಓದುತ್ತಿದ್ದವರ ಮುಖ ಅಲುಗಲಿಲ್ಲ. ಆ ನಗೆಯೆಲ್ಲ ಪುಸ್ತಕದಿಂದಲೇ ಎದ್ದು ಬಂದದ್ದು.

ಇಡೀ ಪುಸ್ತಕದಲ್ಲಿರುವುದು ಒಂದೇ ವಾಕ್ಯ, ಇಂಗ್ಲಿಷಿನಲ್ಲಿ 32 ಪದ. ರೋಸಿ ಎಂಬ ಹೇಂಟೆ ಗೂಡಿನಿಂದ ಹೊರಟು, ಒಂದು ಸುತ್ತು ತಿರುಗಾಡಿ, ಊಟದ ಹೊತ್ತಿಗೆ ಮನೆ ಸೇರುತ್ತದೆ. ಬರಹದಲ್ಲಿ ಇಷ್ಟೇ. ಚಿತ್ರದಲ್ಲಿ ಮಾತ್ರ ಮೊದಲಿನಿಂದಲೂ ಅದರ ಬೆನ್ನಿಗೆ ಒಂದು ನರಿ. ಆ ನರಿಯ ಬಗ್ಗೆ ಬರಹ ಚಕಾರ ಎತ್ತುವುದಿಲ್ಲ.

ಕಟ್ಟಿರುವ ರೀತಿ ನೋಡಿ. ಒಂದು ಜೋಡಿಪುಟದಲ್ಲಿ ಎರಡು ಮೂರು ಪದ, ನರಿ ಮೇಲೆ ಎಗರಲು ಹಾರಿದೆ. ಮುಂದಿನ ಜೋಡಿಪುಟದಲ್ಲಿ ಒಂದು ಪದವೂ ಇಲ್ಲ, ನರಿಗೆ ತಕ್ಕ ಶಾಸ್ತಿಯಾಗಿದೆ. ಅಂಗಳದಲ್ಲಿ ಹುಲ್ಲು ಬಾಚುವ ಕೋಲಿನ ಹಲ್ಲುಗಳನ್ನು ತುಳಿದು, ಅದರ ಹಿಡಿ ಮೂತಿಗೆ ಬಡಿಯುತ್ತದೆ. ಆಮೇಲೆ ಕೊಳ, ಬಣವೆ, ಹಿಟ್ಟಿನ ಗಿರಣಿ, ಬೇಲಿ, ಜೇನುಪೆಟ್ಟಿಗೆ. ರೋಸಿ ನಡೆಯುವುದು ಎಡದಿಂದ ಬಲಕ್ಕೆ, ನರಿ ಅದರ ಹಿಂದೆ. ಎಡಗಡೆಯಿಂದ ಓದಿ ಅಭ್ಯಾಸವಾದ ಮಗುವಿಗೆ ನರಿ ಮೊದಲು ಕಾಣುತ್ತದೆ, ಕೋಳಿ ಆಮೇಲೆ.

ಮೂರನೇ ಅನಾಹುತದ ಹೊತ್ತಿಗೆ ಮಕ್ಕಳಿಗೆ ಲಯ ಸಿಕ್ಕಿಬಿಟ್ಟಿರುತ್ತದೆ. ನರಿ ಹಾರಿದ ಕೂಡಲೇ, ಈಗ ತಲೆ ಮೇಲೆ ಏನು ಬೀಳುತ್ತದೆ ಎಂದು ಚಿತ್ರದ ಮೂಲೆಮೂಲೆ ತಡಕುತ್ತಾರೆ. ಆಗ ನಿಮ್ಮ ಹೆಬ್ಬೆರಳು ಪುಟದ ಅಂಚಿಗೆ ಹೋಗಿ ಅಲ್ಲೇ ನಿಲ್ಲಬೇಕು. ಯಾರಾದರೊಬ್ಬರು 'ಬೇಗ ಮಿಸ್!' ಎನ್ನುವವರೆಗೆ ಕಾಯಿರಿ. ಆಮೇಲೆ ತಿರುವಿ, ಸುಮ್ಮನಿರಿ. 'ಅಯ್ಯೋ ಪಾಪ, ನರಿ ಬಿತ್ತು ನೋಡಿ' ಎಂದಿರೋ, ಅಲ್ಲಿಗೆ ಕಥೆ ಮುಗಿಯಿತು. ಯಕ್ಷಗಾನದ ಪಳಗಿದ ಹಾಸ್ಯಗಾರ ತನ್ನ ಮಾತಿಗೆ ತಾನು ನಗುವುದಿಲ್ಲ. ನೀವೂ ನಗಬೇಡಿ.

ಗಿರಣಿಯ ಪುಟದಲ್ಲಿ ಇನ್ನೊಂದು ಗಮ್ಮತ್ತಿದೆ. ಎರಡನೇ ತರಗತಿಯ ಮಕ್ಕಳಿಗೆ ನಾನಿದನ್ನು ಓದಿ ಹೇಳುತ್ತಿದ್ದಾಗ ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಎಲ್ಲರನ್ನೂ ದಾಟಿಕೊಂಡು ಬಂದು ರೋಸಿಯ ಕಾಲಿನ ಮೇಲೆ ಬೆರಳಿಟ್ಟಳು: 'ಮಿಸ್, ದಾರ!' ಹೌದು, ಮೇಲೆ ತೂಗುತ್ತಿರುವ ಹಿಟ್ಟಿನ ಚೀಲದ ದಾರ ಕೋಳಿಯ ಕಾಲಿಗೆ ಸುತ್ತಿಕೊಂಡಿದೆ. ಹಾಗಾದರೆ ಚೀಲ ಬೀಳಿಸಿದ್ದು ಅದೇ. ಬೇಕೆಂದೇ ಮಾಡಿತೋ, ಗೊತ್ತಿಲ್ಲದೆಯೋ? ತರಗತಿ ಎರಡು ಪಕ್ಷವಾಯಿತು. 'ಕೋಳಿ ಭಾರೀ ಕಿಲಾಡಿ' ಎಂದವರೂ, 'ಅದಕ್ಕೇನೂ ತಿಳಿಯೋದಿಲ್ಲ' ಎಂದವರೂ ಪುರಾವೆಗಾಗಿ ಮೊದಲ ಪುಟದಿಂದ ಮತ್ತೆ ಹುಡುಕಿದರು. ಗಂಟೆ ಹೊಡೆದರೂ ಏಳಲಿಲ್ಲ. ನನ್ನ ತೀರ್ಪು ಕೇಳಿದರು, ನಾನು ಕೊಡಲಿಲ್ಲ. ಯಾವ ಗ್ರಹಿಕೆಯ ಪ್ರಶ್ನೆಪತ್ರಿಕೆ ಈ ಕೆಲಸ ಮಾಡೀತು?

ಎಲ್ಲ ಪುಸ್ತಕಕ್ಕೂ ಮೌನವೇ ಮದ್ದು ಎಂದುಕೊಳ್ಳಬೇಡಿ. ರೋಹಿಣಿ ನಿಲೇಕಣಿ ಬರೆದು ಆಂಜಿ ಮತ್ತು ಉಪೇಶ್ ಚಿತ್ರ ಬಿಡಿಸಿದ ಶೃಂಗೇರಿ ಶ್ರೀನಿವಾಸನ ಕಥೆ ಪ್ರಥಮ್ ಬುಕ್ಸ್‌ನದು, ಕನ್ನಡದಲ್ಲೂ ಸಿಗುತ್ತದೆ. ವರ್ಷಕ್ಕೊಮ್ಮೆ ಕ್ಷೌರ ಮಾಡಿಸುವ ಆಸಾಮಿ ಅವನು. ಕ್ಷೌರಿಕನಿಗೆ ಪುರುಸೊತ್ತಿಲ್ಲ, ಹೆಂಡತಿಗಿಲ್ಲ, ದರ್ಜಿಗಿಲ್ಲ, ಬಡಗಿಗಿಲ್ಲ. ಇಲ್ಲಿ ನಗೆ ಹುಟ್ಟುವುದು ಒಂದೇ ನಿರಾಕರಣೆ ಮತ್ತೆ ಮತ್ತೆ ಬರುವುದರಿಂದ. ಎರಡನೆಯವರು ಒಲ್ಲೆ ಎಂದಾದ ಮೇಲೆ 'ಪುರುಸೊತ್ತಿಲ್ಲ' ಎನ್ನುವ ಕೆಲಸ ಮಕ್ಕಳಿಗೇ ಬಿಡಿ. ಕೊನೆಗೆ ಬರುವ ಹುಲಿಯ ಗರ್ಜನೆಯೂ ಅವರದೇ. ಆ ಕೂದಲಿಗೆ ಏನಾಗುತ್ತದೆ ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ.

ಉಳಿದದ್ದು ಚಿಲ್ಲರೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಚಿತ್ರ ಮಬ್ಬಾಗುತ್ತದೆ. ಮಕ್ಕಳು ಹೆಚ್ಚಿದ್ದರೆ ಎರಡು ಗುಂಪು ಮಾಡಿ, ಎರಡು ಸಲ ಓದಿ. ಸ್ಮಾರ್ಟ್ ಬೋರ್ಡಿನಲ್ಲಿ ಹಿನ್ನೆಲೆ ಸಂಗೀತದೊಂದಿಗೆ ತಾನೇ ಓಡುವ ವಿಡಿಯೋ ಹಾಕುವವರಿಗೆ ನನ್ನದೊಂದು ನಮಸ್ಕಾರ. ಅಲ್ಲಿ ಪುಟವೂ ಇಲ್ಲ, ಕಾಯುವುದೂ ಇಲ್ಲ. ಕೋಳಿಯ ಚಿತ್ರಕ್ಕೆ ಬಣ್ಣ ತುಂಬಿಸುವ 'ಚಟುವಟಿಕೆ'ಯನ್ನು ಬೇರೆ ದಿನಕ್ಕಿಡಿ.

ಪಾಠಯೋಜನೆಯ ಕಲಿಕಾ ಫಲದ ಕಾಲಮ್ಮಿನಲ್ಲಿ 'ನಕ್ಕರು, ಜಗಳವಾಡಿದರು, ಮತ್ತೆ ಓದಿದರು' ಎಂದು ಧೈರ್ಯವಾಗಿ ಬರೆಯಿರಿ. ತಪಾಸಣೆಗೆ ಬಂದವರು ಹುಬ್ಬು ಗಂಟಿಕ್ಕಿದರೆ ಗಿರಣಿಯ ಪುಟ ತೆರೆದು ಅವರ ಕೈಗೆ ಕೊಟ್ಟು, ಹಿಟ್ಟು ಬೀಳಿಸಿದ್ದು ಯಾರು ಎಂದು ಕೇಳಿ. ಉತ್ತರ ಮಾತ್ರ ಹೇಳಿಕೊಡಬೇಡಿ.