ರಂಗಣ್ಣನ ಕನ್ನಡ ಮತ್ತು ಒಂದು ಹೆಲಿಕಾಪ್ಟರ್

ನಮ್ಮ ವಿಮರ್ಶೆ ಕವಿತೆ, ಕಾದಂಬರಿ, ನಾಟಕಗಳನ್ನು ಓದುತ್ತದೆ. ಈಚೆಗೆ ಸಿನಿಮಾವನ್ನೂ ಓದುತ್ತಿದೆ. ಆದರೆ ಪ್ರತಿ ರಾತ್ರಿ ನಾಡಿನ ಮನೆಮನೆಯಲ್ಲಿ ಕಿವಿಗೆ ಬೀಳುವ ಕನ್ನಡ ಗದ್ಯವೊಂದನ್ನು ಮಾತ್ರ ಅದು ಓದಲು ಹೋಗಿಲ್ಲ. ಸುದ್ದಿ ವಾಹಿನಿಯ ನಿರೂಪಕರ ಮಾತು ನಮಗೆ ಬೈಯಲು ಇಲ್ಲವೇ ನಗಲು ಇರುವ ವಸ್ತು. ಪಬ್ಲಿಕ್ ಟಿವಿಯ ಎಚ್.ಆರ್. ರಂಗನಾಥ್ ಅವರ ವಿಷಯದಲ್ಲಂತೂ ಇದು ಪೂರ್ತಿ ನಿಜ. ಅಭಿಮಾನಿಗಳಿಗೂ ಟ್ರೋಲ್ ಮಾಡುವವರಿಗೂ ಅವರು ‘ರಂಗಣ್ಣ’. ಒಬ್ಬರು ಪ್ರೀತಿಯಿಂದ ಹಾಗೆನ್ನುತ್ತಾರೆ, ಇನ್ನೊಬ್ಬರು ಕುಹಕದಿಂದ. ಇಬ್ಬರೂ ಅವರ ಭಾಷೆಯನ್ನು ಗಮನವಿಟ್ಟು ಕೇಳಿಸಿಕೊಂಡಂತೆ ನನಗೆ ಕಾಣುವುದಿಲ್ಲ.

ನಾನು ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮೌಖಿಕ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವವನು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹಾಡಿದ ನೆಲವಿದು. ಹಾಡುವವರು, ಕಥೆ ಹೇಳುವವರು ಕೇಳುಗರನ್ನು ಹೇಗೆ ಹಿಡಿದಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ, ಯಾವುದನ್ನು ಎರಡು ಸಲ ಹೇಳುತ್ತಾರೆ ಎಂದು ಟಿಪ್ಪಣಿ ಮಾಡಿಕೊಳ್ಳುವುದು ನನ್ನ ದಿನನಿತ್ಯದ ಕೆಲಸ. ಆ ಕಿವಿಯಿಂದ ಕೇಳಿದರೆ ರಂಗನಾಥ್ ಅವರದು ಸಾಧಾರಣ ಪ್ರತಿಭೆಯಲ್ಲ. ಅವರು ಸುದ್ದಿ ಓದುವುದಿಲ್ಲ, ಹೇಳುತ್ತಾರೆ. ಪ್ರಶ್ನೆ ಕೇಳಿ ತಾವೇ ಉತ್ತರಿಸುತ್ತಾರೆ, ವ್ಯಂಗ್ಯಕ್ಕೆ ಬೇಕಾದಷ್ಟು ಮೌನ ಬಿಡುತ್ತಾರೆ, ಗಾದೆಯ ಹತ್ತಿರಕ್ಕೆ ಬಂದು ಮಾತು ಮುಗಿಸುತ್ತಾರೆ. ಬಜೆಟ್ಟಿನ ಕೊರತೆಯಾಗಲಿ ಸುಪ್ರೀಂ ಕೋರ್ಟಿನ ಆದೇಶವಾಗಲಿ ಅವರ ಬಾಯಲ್ಲಿ ಮನೆಯ ಖರ್ಚಿನ, ಅಣ್ಣತಮ್ಮಂದಿರ ವ್ಯಾಜ್ಯದ ಮಾತಾಗುತ್ತದೆ. ಮೊದಲಿನ ದೂರದರ್ಶನದ ವಾರ್ತೆಯ ಕನ್ನಡ ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು. ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ಅದರ ಅರ್ಧ ತಿಳಿಯುತ್ತಿರಲಿಲ್ಲ. ರಂಗನಾಥ್ ಆ ದೂರವನ್ನು ಕಡಿಮೆ ಮಾಡಿದರು. ಇದನ್ನು ಒಪ್ಪಿಕೊಳ್ಳದೆ ಅವರ ಬಗ್ಗೆ ಮುಂದೆ ಏನೇ ಬರೆದರೂ ಅದು ಅನ್ಯಾಯವಾಗುತ್ತದೆ.

ಅವರು ಬಂದದ್ದು ಪತ್ರಿಕೆಯಿಂದ. ಕನ್ನಡಪ್ರಭದ ಸಂಪಾದಕರಾಗಿದ್ದರು, ಸುವರ್ಣ ನ್ಯೂಸ್‌ನ ಹೊಣೆಯನ್ನೂ ಹೊತ್ತಿದ್ದರು. ಆಗ ಆ ಸಂಸ್ಥೆಗಳ ಹಿಂದಿದ್ದವರು ಉದ್ಯಮಿ, ರಾಜ್ಯಸಭಾ ಸದಸ್ಯ ರಾಜೀವ್ ಚಂದ್ರಶೇಖರ್. 2011ರ ಆರಂಭದಲ್ಲಿ ಕನ್ನಡಪ್ರಭಕ್ಕೆ ವಿಶ್ವೇಶ್ವರ ಭಟ್ ಸಂಪಾದಕರಾಗಿ ಬಂದರು; ರಂಗನಾಥ್ 2012ರ ಫೆಬ್ರವರಿಯಲ್ಲಿ ತಮ್ಮದೇ ಪಬ್ಲಿಕ್ ಟಿವಿಯನ್ನು ಶುರು ಮಾಡಿದರು. ಇದು ಯಾರ ಆಸ್ತಿಯೂ ಅಲ್ಲ, ವೀಕ್ಷಕರದೇ ಎನ್ನುವುದು ಅದರ ಘೋಷವಾಕ್ಯ. ಉದ್ಯಮಿಗಳ, ರಾಜಕಾರಣಿಗಳ ಒಡೆತನದ ವಾಹಿನಿಗಳ ನಡುವೆ ಒಬ್ಬ ಪತ್ರಕರ್ತ ಕಟ್ಟಿದ ವಾಹಿನಿ ಎನ್ನುವ ಹೆಮ್ಮೆ ಅದರಲ್ಲಿತ್ತು. ಆ ಹೆಮ್ಮೆಗೆ ಆಧಾರವೂ ಇತ್ತು.

ವಿವಾದಗಳಿಗೆ ಬರುತ್ತೇನೆ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ, ಹೊಸ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಕಥೆ ಹಿಂದಿ ವಾಹಿನಿಗಳಿಂದ ಕನ್ನಡ ವಾಹಿನಿಗಳವರೆಗೆ ಓಡಾಡಿತು. ಅಂಥದ್ದೇನೂ ಆ ನೋಟಿನಲ್ಲಿರಲಿಲ್ಲ. 2023ರ ಮೇನಲ್ಲಿ ರಿಸರ್ವ್ ಬ್ಯಾಂಕ್ ಆ ನೋಟನ್ನು ಹಿಂಪಡೆದಾಗಲೂ ಕನ್ನಡದ ಟ್ರೋಲ್ ಪುಟಗಳು ಚಿಪ್ ಎಲ್ಲಿ ಎಂದು ಕೇಳಿದ್ದು ರಂಗಣ್ಣನನ್ನೇ. ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಅದು ದೇಶವೇ ಹಂಚಿಕೊಂಡ ಮರುಳು. ನನಗೆ ಮುಖ್ಯವಾದದ್ದು ಎರಡನೆಯದು.

2020ರ ಏಪ್ರಿಲ್ 14ರಂದು ಪ್ರಧಾನಿ ಲಾಕ್‌ಡೌನನ್ನು ಮೇ 3ರವರೆಗೆ ವಿಸ್ತರಿಸಿದರು. ಮರುದಿನ ರಾತ್ರಿ ಪಬ್ಲಿಕ್ ಟಿವಿಯಲ್ಲಿ ಒಂದು ಕಾರ್ಯಕ್ರಮ ಬಂತು: ಕೇಂದ್ರ ಸರ್ಕಾರ ಹೆಲಿಕಾಪ್ಟರಿನಿಂದ ಊರೂರಿಗೆ ದುಡ್ಡು ಸುರಿಯಲಿದೆ. ಇದು ಸುಳ್ಳು ಎಂದು ಪತ್ರಿಕಾ ವಾರ್ತಾ ಕಾರ್ಯಾಲಯ ಸ್ಪಷ್ಟಪಡಿಸಿತು, ವಾಹಿನಿಗೆ ನೋಟಿಸ್ ಕೊಟ್ಟು ವಿವರಣೆ ಕೇಳಿತು. ಆ ಹೊತ್ತು ಪರದೆಯ ಮೇಲೆ ಯಾರ ಮುಖವಿತ್ತು ಎನ್ನುವುದು ನನ್ನ ಚರ್ಚೆಗೆ ಬೇಕಿಲ್ಲ. ಪಬ್ಲಿಕ್ ಟಿವಿಯ ಶೈಲಿ ರಂಗನಾಥ್ ಅವರ ಶೈಲಿ. ಸಂಗೀತದ ಘರಾಣೆಯ ಹಾಗೆ ಅಲ್ಲಿ ಮಾತಾಡುವವರೆಲ್ಲ ಆ ಗುರುವಿನ ವರಸೆಯಲ್ಲೇ ಹಾಡುತ್ತಾರೆ. ಮುಖ್ಯಸ್ಥರಾಗಿ ಹೊಣೆಯೂ ಅವರದೇ.

ಇದರ ಮೂಲ ಒಂದು ರೂಪಕ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1969ರಲ್ಲಿ, ಒಂದು ಊರಿನ ಮೇಲೆ ಹೆಲಿಕಾಪ್ಟರಿನಿಂದ ನೋಟು ಉದುರಿಸಿದರೆ ಬೆಲೆಗಳಿಗೆ ಏನಾಗುತ್ತದೆ ಎಂದು ಕಲ್ಪಿಸಿ ಬರೆದಿದ್ದರು. ಕೇಂದ್ರ ಬ್ಯಾಂಕು ಹೊಸ ಹಣ ಸೃಷ್ಟಿಸಿ, ವಾಪಸು ಕೇಳದೆ ಜನರ ಕೈಗೆ ಮುಟ್ಟಿಸುವುದಕ್ಕೆ ಅಂದಿನಿಂದ ‘ಹೆಲಿಕಾಪ್ಟರ್ ಮನಿ’ ಎಂಬ ಹೆಸರು. 2002ರಲ್ಲಿ ಈ ಮಾತನ್ನು ಭಾಷಣದಲ್ಲಿ ಬಳಸಿದ್ದಕ್ಕೆ ಅಮೆರಿಕದ ಬೆನ್ ಬರ್ನಾಂಕೆಗೆ ‘ಹೆಲಿಕಾಪ್ಟರ್ ಬೆನ್’ ಎಂಬ ಅಡ್ಡಹೆಸರೇ ಬಿತ್ತು. 2020ರ ಏಪ್ರಿಲಿನಲ್ಲಿ ತೆಲಂಗಾಣದ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್, ರಾಜ್ಯಗಳ ಕೈ ಬರಿದಾಗಿದೆ, ರಿಸರ್ವ್ ಬ್ಯಾಂಕ್ ಹೆಲಿಕಾಪ್ಟರ್ ಮನಿ ಕೊಡಬೇಕು ಎಂದು ಕೇಳಿದ್ದರು. ಹೀಗೆ ತೆಲುಗಿನ ಪತ್ರಿಕಾಗೋಷ್ಠಿಯ ಹೆಲಿಕಾಪ್ಟರ್ ಕೆಲವೇ ದಿನಗಳಲ್ಲಿ ಕನ್ನಡದ ಸುದ್ದಿಯಲ್ಲಿ ರೆಕ್ಕೆ ತಿರುಗಿಸತೊಡಗಿತು.

ಅಲಂಕಾರಶಾಸ್ತ್ರದ ಮೊದಲ ಪಾಠಗಳಲ್ಲೊಂದು ಲಕ್ಷಣಾವೃತ್ತಿ. ಗಂಗೆಯ ಮೇಲೆ ಘೋಷವಿದೆ ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲದು, ಆದ್ದರಿಂದ ಗಂಗೆ ಎಂದರೆ ಗಂಗೆಯ ದಡ. (ಘೋಷ ಎಂದರೆ ಗೊಲ್ಲರ ಹಟ್ಟಿಯೇ, ನಮ್ಮ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಹೇಳಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.) ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಮಾತ್ರ ಮನಸ್ಸು ಬೇರೆ ಅರ್ಥಕ್ಕೆ ಹೊರಳುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ: ಇಷ್ಟು ವರ್ಷ ಪತ್ರಿಕೋದ್ಯಮ ಮಾಡಿದವರ ಸುದ್ದಿಮನೆಗೆ ಹೆಲಿಕಾಪ್ಟರಿನಿಂದ ದುಡ್ಡು ಸುರಿಯುವ ಮಾತಿನಲ್ಲಿ ಯಾಕೆ ಯಾವ ಬಾಧೆಯೂ ಕಾಣಲಿಲ್ಲ? ಇಂಗ್ಲಿಷ್ ಬಾರದ್ದಕ್ಕೆ ಎಂದು ನಕ್ಕವರ ಉತ್ತರ ಸಾಲದು. ನಾನು ಕಂಡಂತೆ ಆ ಶೈಲಿಯ ಶಕ್ತಿಯೇ ಇಲ್ಲಿ ಕಾಲಿಗೆ ತೊಡರಿತು. ಕಣ್ಣಿಗೆ ಕಾಣದ್ದನ್ನೆಲ್ಲ ಕೈಗೆ ಸಿಗುವ ವಸ್ತುವಾಗಿ ಮಾಡಿ ಹೇಳುವುದೇ ಅದರ ಹೆಚ್ಚುಗಾರಿಕೆ. ವಿತ್ತೀಯ ಕೊರತೆಯನ್ನು ತೂತು ಬಿದ್ದ ಜೇಬಾಗಿಸುವ ಬಾಯಿಗೆ, ಮೊದಲೇ ಹೆಲಿಕಾಪ್ಟರಾಗಿ ಬಂದ ಮಾತು ಸಿಕ್ಕಿದರೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಆದ ರೂಪಕವನ್ನು ಬಿಚ್ಚಿ ತೋರಿಸುವ ಅಭ್ಯಾಸ ಆ ಶೈಲಿಗಿಲ್ಲ, ರೂಪಕ ಮಾಡುವ ಅಭ್ಯಾಸವಷ್ಟೇ ಇದೆ.

ಟ್ರೋಲುಗಳು ಒಂದು ವಾರ ಹಬ್ಬ ಮಾಡಿದವು. ಅವುಗಳಲ್ಲಿ ನನಗೆ ಹಿಡಿಸದಿದ್ದದ್ದು ವಾಹಿನಿಯನ್ನು ಆಡಿಕೊಂಡದ್ದಲ್ಲ. ಅದನ್ನು ನೋಡುವ ಹಳ್ಳಿಯವರು ಗೋಣಿಚೀಲ ಹಿಡಿದು ಆಕಾಶ ನೋಡುತ್ತ ನಿಂತ ಚಿತ್ರಗಳು. ಆ ದಿನಗಳು ಹೇಗಿದ್ದವು ನೆನಪಿಸಿಕೊಳ್ಳಿ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಅಂಗಡಿಗಳಿರಲಿಲ್ಲ, ಮಗ್ಗಗಳು ನಿಂತಿದ್ದವು. ಅದೇ ಏಪ್ರಿಲಿನಿಂದ ಹೆಂಗಸರ ಜನಧನ್ ಖಾತೆಗೆ ಮೂರು ತಿಂಗಳು ತಲಾ 500 ರೂಪಾಯಿ ಬೀಳತೊಡಗಿತ್ತು. ತೆಗೆಯದಿದ್ದರೆ ವಾಪಸು ಹೋಗುತ್ತದೆ ಎಂಬ ಗಾಳಿಸುದ್ದಿಗೆ ದೇಶದಲ್ಲಿ ಎಷ್ಟೋ ಬ್ಯಾಂಕುಗಳ ಮುಂದೆ ಸಾಲು ನಿಂತಿತ್ತು. ಯಾರೋ, ಎಲ್ಲಿಂದಲೋ, ಕಾಣದ ದಾರಿಯಲ್ಲಿ ದುಡ್ಡು ಹಾಕುವುದು ಅಂದು ನಿಜವೇ ಆಗಿತ್ತು. ಆಕಾಶದಿಂದ ಬೀಳುವುದೂ ನಮ್ಮ ಕಡೆ ಹೊಸದಲ್ಲ: 2019ರ ಸೆಪ್ಟೆಂಬರಿನಲ್ಲಿ ಡಿಆರ್‌ಡಿಒ ಪರೀಕ್ಷಿಸುತ್ತಿದ್ದ ಚಾಲಕರಹಿತ ವಿಮಾನವೊಂದು ಜೋಡಿಚಿಕ್ಕೇನಹಳ್ಳಿ ಬಳಿ ಹೊಲಕ್ಕೆ ಬಿದ್ದಿತ್ತು. ನಮ್ಮ ಬೀದಿಯ ನೇಕಾರರ ಮನೆಯ ಹಿರಿಯ ಹೆಂಗಸೊಬ್ಬರು ಹೆಲಿಕಾಪ್ಟರಿನ ಸುದ್ದಿ ಕೇಳಿದ ಮರುದಿನ ನನ್ನನ್ನು ಕೇಳಿದ್ದು ಒಂದೇ ಮಾತು: “ಅಲ್ಲಪ್ಪ, ಹಂಚೋರು ಯಾರು? ಪಂಚಾಯ್ತಿಯೋರೋ, ಬ್ಯಾಂಕಿನೋರೋ?” ನಿಜವೋ ಸುಳ್ಳೋ ಎಂದು ಅವರು ಕೇಳಲಿಲ್ಲ. ಆದರೆ ವಾಹಿನಿಯಾಗಲಿ ಅದನ್ನು ಆಡಿಕೊಂಡವರಾಗಲಿ ಈ ಪ್ರಶ್ನೆ ಎತ್ತಿದ್ದು ನನಗೆ ಕಾಣಲಿಲ್ಲ. ಎತ್ತಿದ್ದರೆ ಕಥೆ ಅಲ್ಲೇ ಮುರಿದು ಬೀಳುತ್ತಿತ್ತು.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ರಂಗನಾಥ್ ಅವರ ಒಳ್ಳೆಯ ಕೆಲಸಗಳ ಕಡೆಗೂ ನೋಡಬೇಕು. ‘ಬೆಳಕು’ ಅವರ ಅತ್ಯಂತ ಜನಪ್ರಿಯ ಕಾರ್ಯಕ್ರಮಗಳಲ್ಲೊಂದು. ಚಿಕಿತ್ಸೆಗೆ, ಓದಿಗೆ, ಊರಿನ ಶಾಲೆಗೆ ನೆರವು ಬೇಡಿ ಜನ ಬರುತ್ತಾರೆ, ಅವರು ಕೇಳಿಸಿಕೊಳ್ಳುತ್ತಾರೆ, ದಾನಿಯೋ ಜನಪ್ರತಿನಿಧಿಯೋ ಫೋನಿನಲ್ಲಿ ಸಿಗುತ್ತಾರೆ, ಅಲ್ಲೇ ಭರವಸೆ. ರೋಟರಿಯ ಜೊತೆ ಸೇರಿ ನಡೆಸಿದ ‘ಜ್ಞಾನ ದೀವಿಗೆ’ ಅಭಿಯಾನದಲ್ಲಿ ಸರ್ಕಾರಿ ಶಾಲೆಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯಾಬ್ ಹಂಚಿದರು. ಶಾಲೆ ಮುಚ್ಚಿದ್ದ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ, ಪಡೆದ ಮಕ್ಕಳ ಮುಂದೆ ನಿಂತು ಇದನ್ನು ಟೀಕಿಸುವ ಧೈರ್ಯ ನನಗಿಲ್ಲ. ಆದರೆ ಕಥನವಾಗಿ ನೋಡಿದರೆ ‘ಬೆಳಕು’ ಮತ್ತು ಹೆಲಿಕಾಪ್ಟರ್ ಒಂದೇ ಕಥೆ. ಮೇಲೆ ಕೊಡುವವರು, ಕೆಳಗೆ ಪಡೆಯುವವರು, ನಡುವೆ ನಿರೂಪಕರ ದನಿ. ತಹಶೀಲ್ದಾರರ ಕಚೇರಿಯ ಕಡತ, ಪಂಚಾಯ್ತಿಯ ಫಲಾನುಭವಿ ಪಟ್ಟಿ, ಆಧಾರ್ ಜೋಡಣೆಯಾಗದ ಖಾತೆ, ಇವು ಯಾವುವೂ ಇಲ್ಲ. ಇದ್ದರೂ ಅವು ಅಡ್ಡಿಗಳಾಗಿ, ಬೈಸಿಕೊಳ್ಳಲು ಬರುತ್ತವೆ. ಕಷ್ಟವೆಲ್ಲ ಒಂದು ಫೋನ್ ಕರೆಗೆ ಕರಗುವ ಲೋಕವನ್ನು ವಾರವಾರ ಕಟ್ಟಿದ ಸುದ್ದಿಮನೆಗೆ, ಪ್ರಧಾನಿ ಮೇಲಿನಿಂದ ಸುರಿಯುತ್ತಾರೆ ಎಂಬ ಮಾತು ಅಸಹಜವೆನಿಸದೇ ಇದ್ದದ್ದು ಆಶ್ಚರ್ಯವಲ್ಲ.

ಇದೇ ತಾಲ್ಲೂಕಿನ ಒಂದು ಹಳೆಯ ಸರ್ಕಾರಿ ಪ್ರಕಟಣೆಯನ್ನು ಪಕ್ಕದಲ್ಲಿಟ್ಟು ನೋಡುವ ಆಸೆಯಾಗುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅವುಗಳ ಧರ್ಮೋಪದೇಶದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಇಷ್ಟವಾಗುವುದು ವಿಳಾಸ. ಸುವರ್ಣಗಿರಿಯಿಂದ, ಆರ್ಯಪುತ್ರನ ಮತ್ತು ಮಹಾಮಾತ್ರರ ಮೂಲಕ, ಇಸಿಲದ ಮಹಾಮಾತ್ರರಿಗೆ ಎಂದು ಮಾತು ಹಾದುಬಂದ ದಾರಿ ಪೂರ್ತಿ ಅಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಯಾರು ಹೇಳಿದರು, ಯಾರ ಮೂಲಕ, ಯಾರಿಗೆ, ಬರೆದವರು ಯಾರು ಎಂಬುದನ್ನು ಚಕ್ರವರ್ತಿಯ ಆಜ್ಞೆಯೂ ಮುಚ್ಚಿಡಲಿಲ್ಲ. ನಮ್ಮ ಸುದ್ದಿ ವಾಹಿನಿಗಳು ಈ ನಾಲ್ಕಕ್ಕೂ ಬದಲಾಗಿ ಒಂದು ಪ್ರತ್ಯಯ ಇಟ್ಟುಕೊಂಡಿವೆ: ಕ್ರಿಯಾಪದದ ಕೊನೆಯ ‘ಆ’. ಕೊಡ್ತಾರಾ? ಬೀಳುತ್ತಾ? ಸುರೀತಾರಾ? ಪ್ರಶ್ನೆಯಾದ್ದರಿಂದ ಸುಳ್ಳೆನ್ನುವಂತಿಲ್ಲ, ಕೇಳಿದವರಿಗೆ ಅದು ಉತ್ತರವೇ. ಕನ್ನಡ ವ್ಯಾಕರಣದ ಈ ಸಣ್ಣ ಸೌಕರ್ಯದ ಮೇಲೆ ಯಾರಾದರೂ ಒಂದು ಒಳ್ಳೆಯ ಪ್ರಬಂಧ ಬರೆಯಬೇಕು.

ಮೊಳಕಾಲ್ಮೂರು ಸ್ವತಃ ಒಮ್ಮೆ ಈ ವಾಹಿನಿಗಳ ದೊಡ್ಡ ಸುದ್ದಿಯಾಗಿತ್ತು. 2018ರಲ್ಲಿ ಬಿ. ಶ್ರೀರಾಮುಲು ಇಲ್ಲಿಂದಲೂ ಬಾದಾಮಿಯಿಂದಲೂ ನಿಂತರು. ಟಿಕೆಟ್ ತಪ್ಪಿದ ಅಂದಿನ ಶಾಸಕ ಎಸ್. ತಿಪ್ಪೇಸ್ವಾಮಿ ಪಕ್ಷೇತರರಾದರು. ಕ್ಯಾಮೆರಾಗಳು ಬಂದವು. ಆಗ ನಮ್ಮೂರು ಯಾರೋ ಗೆಲ್ಲುವ, ಯಾರೋ ಸೋಲುವ ಅಖಾಡವಾಗಿತ್ತೇ ಹೊರತು ಊರಾಗಿರಲಿಲ್ಲ. ಮೇ 15ರ ಫಲಿತಾಂಶದ ನಂತರ ಅವು ಹೊರಟುಹೋದವು.

2020ರ ಮೇ 6ರಂದು ಯಡಿಯೂರಪ್ಪ 1,610 ಕೋಟಿ ರೂಪಾಯಿಗಳ ಪ್ಯಾಕೇಜ್ ಪ್ರಕಟಿಸಿದರು. ಅದರಲ್ಲಿ ಕೈಮಗ್ಗ ನೇಕಾರರಿಗೆ 2,000 ರೂಪಾಯಿ, ನೇರ ಖಾತೆಗೆ. ಹೆಲಿಕಾಪ್ಟರ್ ಬರದಿದ್ದರೂ ಬಂದದ್ದು ಇದು, ಮತ್ತು ಇದರ ಜೊತೆ ನೋಂದಣಿ ಯಾರಿಗಿದೆ, ಮಾಲೀಕನ ಮಗ್ಗದಲ್ಲಿ ಕೂಲಿಗೆ ನೇಯುವವರು ಲೆಕ್ಕಕ್ಕೆ ಬರುತ್ತಾರೋ ಎಂಬ ಪ್ರಶ್ನೆಗಳೂ ಬಂದವು. ರಂಗನಾಥ್ ಅವರ ಕನ್ನಡ ಮನಸ್ಸು ಮಾಡಿದ್ದರೆ ಆ ಅರ್ಜಿಯನ್ನು ನಮ್ಮ ಬೀದಿಯ ಎಲ್ಲರಿಗೂ ಅರ್ಥವಾಗುವಂತೆ ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಬಲ್ಲದು. ಆ ಕೆಲಸಕ್ಕೆ ಅವರಷ್ಟು ತಯಾರಾದ ದನಿ ಕನ್ನಡದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಂದಾಜು. ಭದ್ರಾ ಮೇಲ್ದಂಡೆಯ ವಿಷಯದಲ್ಲೂ ಅಷ್ಟೇ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಎಂದಾಗ ಆ ಅಂಕಿ ಸುದ್ದಿಯಾಯಿತು. ಆ ಹಣ ಬಂದಿಲ್ಲವೆಂದು ಆಮೇಲೆ ರಾಜ್ಯ ಸರ್ಕಾರ ಮತ್ತೆಮತ್ತೆ ದೂರಿದ್ದೂ ಸುದ್ದಿಯಾಗಿದೆ, ಜಗಳದ ಸುದ್ದಿಯಾಗಿ. ಕಾಲುವೆ ಯಾವ ಊರಿನವರೆಗೆ ಬಂದಿದೆ, ಯಾವ ಕೆರೆಗೆ ಮೊದಲು ನೀರು, ಅದನ್ನು ತೀರ್ಮಾನಿಸುವವರು ಯಾರು ಎಂದು ತಿಳಿಯಬೇಕಾದರೆ ಇಂದಿಗೂ ನಮ್ಮ ಕಡೆಯ ರೈತರು ಬಸ್ಸು ಹತ್ತಿ ಕಚೇರಿಗೇ ಹೋಗಬೇಕು.