ಬೆಟಗೇರಿಯಲ್ಲಿ ‘ಮೊಟ್ಟೆ’
ಪ್ರೇಮಕಥೆಯ ನಾಯಕನಿಗೆ ತಲೆತುಂಬ ಕೂದಲಿರಬೇಕು ಎಂಬ ನಿಯಮವನ್ನು 2017ರಲ್ಲಿ ಮುರಿದದ್ದು ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ತಾವೇ ನಟಿಸಿದ ‘ಒಂದು ಮೊಟ್ಟೆಯ ಕಥೆ’. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನ. ಬೋಳುತಲೆ, ರಾಜ್‌ಕುಮಾರ್ ಭಕ್ತ, ಮದುವೆಗೆ ಹೆಣ್ಣು ಸಿಗುತ್ತಿಲ್ಲ.

ಬೆಟಗೇರಿಯ ಗೆಳೆಯನ ಮನೆಯಲ್ಲಿ ಗಿರ್ಮಿಟ್, ಮಿರ್ಚಿ ಹರಡಿಕೊಂಡು ನೋಡಿದೆವು. ಕರಾವಳಿಯ ಮಾತಿನ ಧಾಟಿಗೆ ನಮ್ಮ ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಹೆಣ್ಣಿನ ಹುಡುಕಾಟ ಶುರುವಾದ ಮೇಲೆ ಆ ತೊಡಕೂ ಉಳಿಯಲಿಲ್ಲ. ‘ಲೇ, ಮುಂಡರಗಿಗೆ ಕನ್ಯಾ ನೋಡಾಕ ಹೋದಾಗ ನಿಂದೂ ಇದ ಮಾರಿ ಆಗಿತ್ತಲ್ಲೋ!’ ಎಂದು ಒಬ್ಬ ಕಾಲೆಳೆದ. ಟೊಪ್ಪಿಗೆ ಹಾಕಿಕೊಂಡು ಕೂತಿದ್ದವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಬೋಳುತಲೆಯ ಮೇಲೆ ನಗಿಸುವುದು ಸುಲಭ. ಚಿತ್ರದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಜನ ತನ್ನ ತಲೆ ನೋಡಿಯೇ ಅಳೆಯುತ್ತಾರೆಂದು ಕೊರಗುವ ಜನಾರ್ದನ, ದಪ್ಪಗಿರುವ ಸರಳಾಳನ್ನು ಕಂಡಾಗ ತಾನೂ ಅಳೆಯುವುದು ಮೈಯನ್ನೇ. ನಾಯಕನನ್ನೇ ಕಟಕಟೆಗೆ ನಿಲ್ಲಿಸುವ ಈ ಧೈರ್ಯ ನಮ್ಮ ಹಾಸ್ಯಚಿತ್ರಗಳಲ್ಲಿ ಅಪರೂಪ. ಇನ್ನು ಕಾಲೇಜಿನ ಜವಾನನಾಗಿ ಪ್ರಕಾಶ್ ತೂಮಿನಾಡು! ಅವರ ದೃಶ್ಯಗಳನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆವು.

2019ರಲ್ಲಿ ಇದು ಹಿಂದಿಯಲ್ಲಿ ‘ಉಜ್ಡಾ ಚಮನ್’ ಆಯಿತು. ಅದನ್ನೂ ಹಾಕೋಣ ಎಂದ ಟೊಪ್ಪಿಗೆಯವನ ಮಾತಿಗೆ ಯಾರೂ ಒಪ್ಪಲಿಲ್ಲ. ಅಣ್ಣಾವ್ರ ಹಾಡಿಲ್ಲದ ಜನಾರ್ದನ ನಮಗ್ಯಾಕೆ?